ಹೆರಿಗೆ ಕೋಣೆ ಪ್ರಶ್ನೋತ್ತರ: ಈ ಶನಿವಾರ ಶಾರದಾ ಸಿಸ್ಟರ್ ಜೊತೆ

ಅಡ್ಮಿನ್: ಎಲ್ರಿಗೂ ನಮಸ್ಕಾರ. ಇವತ್ತು ಸಂಜೆ ಧಾರವಾಡ ಕಡೆಯ ಶಾರದಾ ಸಿಸ್ಟರ್ ಇರ್ತಾರೆ. ಸರ್ವಿಸ್ ಪೂರ್ತಿ ಲೇಬರ್ ರೂಮಲ್ಲೇ ಕಳೆದವ್ರು, ಈಗ ನರ್ಸಿಂಗ್ ಕಾಲೇಜಲ್ಲಿ ಪಾಠ ಮಾಡ್ತಾರೆ. ಹೆರಿಗೆ ಆರೈಕೆ ಬಗ್ಗೆ ಸಂಶೋಧನೆ ಏನ್ ಹೇಳತ್ತೆ, ಲೇಬರ್ ರೂಮ್ ಸಿಸ್ಟರ್‌ಗಳು ಯಾಕೆ ನಿಲ್ತಿಲ್ಲ, ಇವೆರಡು ವಿಷಯ. ಬಸುರಿಯರೂ ಕೇಳಬಹುದು. ಫಾರ್ವರ್ಡ್ ಹಾಕಬೇಡಿ, ಕೇಳಿದ್ದನ್ನೇ ಕೇಳಬೇಡಿ.

ರಮ್ಯಾ, ಮಂಡ್ಯ: ಮೇಡಂ ನಂಗೆ 38 ವಾರ. ಹರಳೆಣ್ಣೆ ಕುಡಿದ್ರೆ ನೋವು ಬೇಗ ಬಂದು ನಾರ್ಮಲ್ ಆಗತ್ತೆ ಅಂತ ವಾಟ್ಸಾಪಲ್ಲಿ ಬಂದಿದೆ, ಎಷ್ಟು ಸ್ಪೂನ್ ತಗೋಬೇಕು?

ಶಾರದಾ ಸಿಸ್ಟರ್: ಒಂದು ಸ್ಪೂನೂ ಬ್ಯಾಡ್ರಿ. ಭೇದಿ ಆಗಿ ಸುಸ್ತಾಗಿ ಬರ್ತೀರಿ, ನೋವು ತಿನ್ನಾಕ ಮೈಯಾಗ ಶಕ್ತಿ ಇರಂಗಿಲ್ಲ. 38 ವಾರಕ್ಕ ಅವಸರ ಏನೈತಿ? ಕೂಸು ಹೊಳ್ಳಾಡೋದು ಕಡಿಮಿ ಆದ್ರ, ನೀರು ಹೋದ್ರ, ರಕ್ತ ಕಂಡ್ರ ತಡಾ ಮಾಡದ ದವಾಖಾನಿಗೆ ಬರ್ರಿ. ಇಲ್ಲಾಂದ್ರ ಆರಾಮ ಇರ್ರಿ.

ಹೆಸರು ಬೇಡ, ಸ್ಟಾಫ್ ನರ್ಸ್: ಸಿಸ್ಟರ್, ನಾನು ಒಂದು ತಾಲೂಕು ಆಸ್ಪತ್ರೆ ಲೇಬರ್ ರೂಮಲ್ಲಿ ಗುತ್ತಿಗೆ ಮೇಲೆ ಇದ್ದೀನಿ. ನೈಟ್ ಡ್ಯೂಟಿಗೆ ಒಬ್ಳೇ, ಒಬ್ರು ಆಯಾ. ಹೊಸಬ್ರು ಬಂದ್ರೆ ಕೆಲಸ ಕಲಿಯೋ ಹೊತ್ತಿಗೆ ಬಿಟ್ಟು ಹೋಗ್ತಾರೆ, ಇಲ್ಲಾ ಓಟಿಗೋ ಡಯಾಲಿಸಿಸ್‌ಗೋ ಹಾಕ್ತಾರೆ. ಸಂಬಳ ಜಾಸ್ತಿ ಮಾಡಿದ್ರೆ ನಿಲ್ತಾರೆ ಅಂತ ಎಲ್ರೂ ಹೇಳೋದು, ನಂಗ್ಯಾಕೋ ಅಷ್ಟೇ ಅಂತ ಅನ್ಸಲ್ಲ. ಇದರ ಬಗ್ಗೆ ಯಾರಾದ್ರೂ ರಿಸರ್ಚ್ ಮಾಡಿದಾರಾ? ನಾನೂ ಬಿಡೋ ಯೋಚನೇಲಿದೀನಿ, ಅದಕ್ಕೇ ಕೇಳ್ತಿರೋದು.

ಶಾರದಾ ಸಿಸ್ಟರ್: ಇದು ಪ್ರಶ್ನೆ ಅಂದ್ರ. ಸ್ವಲ್ಪ ಉದ್ದ ಬರೀತೀನಿ, ಓದ್ರಿ.

ಸಂಬಳ ಬ್ಯಾಡ ಅಂತ ನಾ ಅನ್ನಂಗಿಲ್ಲ, ಗುತ್ತಿಗಿಯವರ ಸಂಬಳ ನೋಡಿದ್ರ ನಾಚಿಕಿ ಬರ್ತದ. ಆದ್ರ ನಿಮಗ ಅನ್ನಿಸಿದ್ದು ಖರೇ ಐತಿ. ಬ್ರಿಟನ್‌ನ್ಯಾಗ ಸುಮಾರು 2,000 ಮಿಡ್‌ವೈಫ್‌ಗಳನ್ನ, ಅಂದ್ರ ಹೆರಿಗಿ ಮಾಡಿಸೋದನ್ನೇ ಓದಿ ಬಂದವ್ರನ್ನ, ಕೇಳಿದ ಒಂದು ಸಮೀಕ್ಷಿ 2018ರಾಗ ಬಂತು. ಮೂವರೊಳಗ ಇಬ್ರು ಹಿಂದಿನ 6 ತಿಂಗಳಾಗ ಕೆಲಸ ಬಿಡೋ ವಿಚಾರ ಮಾಡಿದ್ರು. ಕಾರಣದೊಳಗ ಮೊದಲನೇದ್ದು ಮಂದಿ ಸಾಲವಲ್ರು ಅನ್ನೋದು, ಎರಡನೇದ್ದು ಕೊಡಬೇಕಾದ ಆರೈಕಿ ಕೊಡಾಕ ಆಗವಲ್ದು ಅನ್ನೋದು. ಅಲ್ಲಿ ಪಗಾರ ನಮಗಿಂತ ಭಾಳ ಹೆಚ್ಚಿದ್ರೂ ಹೇಳಿದ್ದು ಇದನ್ನ. ಬಾಣಂತಿ ಬಾಜೂಕ ನಿಂದ್ರಬೇಕು ಅಂತ ಕಲಿತು ಬಂದಾಕಿಗೆ ರಾತ್ರಿ ಪೂರಾ ಒಂದು ಟೇಬಲ್‌ನಿಂದ ಇನ್ನೊಂದು ಟೇಬಲ್‌ಗೆ ಓಡೋದು, ಮುಂಜಾನೆ ಎದ್ದು ರಜಿಸ್ಟರ್ ತುಂಬೋದು, ಏನರ ಹೆಚ್ಚುಕಮ್ಮಿ ಆದ್ರ ಮೊದಲು ಆಕಿ ಹೆಸರೇ ಬರೋದು ಅಂದ್ರ ಯಾಕ ನಿಲ್ತಾಳ್ರಿ?

ಇನ್ನ ನಮ್ಮ ಕಡೆ ಸಂಶೋಧನಿ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಚೆಕ್‌ಲಿಸ್ಟ್ ನೋಡಿರ್ತೀರಿ, ಕೇಸ್ ಶೀಟಿಗೆ ಪಿನ್ ಹೊಡದಿರ್ತಾರ. ಅದನ್ನ ಮೊದಲು ಪ್ರಯೋಗ ಮಾಡಿ ನೋಡಿದ ಜಾಗದಾಗ ನಮ್ಮ ಕರ್ನಾಟಕದ್ದೇ ಒಂದು ದವಾಖಾನಿ ಇತ್ತು, ಫಲಿತಾಂಶ 2012ರಾಗ ಬಂತು: ಮಾಡಬೇಕಾದ 29 ಕೆಲಸದೊಳಗ ಸರಾಸರಿ 10 ಆಗತಿದ್ವು, ಆಮ್ಯಾಲ 25. ಎಲ್ಲಾರೂ ಖುಷಿ. ಆಮ್ಯಾಲ ಅದನ್ನ ಉತ್ತರ ಪ್ರದೇಶದಾಗ 120 ದವಾಖಾನಿ, ಒಂದೂವರೆ ಲಕ್ಷದ ಮ್ಯಾಲ ಹೆರಿಗಿಯೊಳಗ ನೋಡಿದ್ರು, 2017ರಾಗ ಪ್ರಕಟ ಆತು. ಕೋಚ್ ಬಂದು ಬಾಜೂಕ ನಿಂತು ಹೇಳಿಕೊಡೋ ತನಕ ಸಿಸ್ಟರ್‌ಗಳು ಛಲೋ ಮಾಡಿದ್ರು, ಕೋಚ್ ಬರೋದು ನಿಂತ ಮ್ಯಾಲ ಇಳೀತು. ತಾಯಿ-ಕೂಸಿನ ಸಾವಿನೊಳಗ ಫರಕ್ ಕಾಣಲಿಲ್ಲ. ಇದನ್ನ ಓದಿ ಕೆಲವು ಮಂದಿ ಚೆಕ್‌ಲಿಸ್ಟ್ ಸುಳ್ಳು ಅಂದ್ರು. ನನಗ ತಿಳದದ್ದು ಬ್ಯಾರೆ. ಕಾಗದ ಕೆಲಸ ಮಾಡಂಗಿಲ್ಲ, ಬಾಜೂಕ ನಿಂತ ಮನಶ್ಯಾ ಮಾಡ್ತಾನ. ಬಳ್ಳಾರಿ-ಕಲಬುರಗಿ ಪಿಎಚ್‌ಸಿಗಳಿಗೆ ನರ್ಸ್ ಮೆಂಟರ್ ಕಳಿಸಿದ್ದು ನಿಮಗ ನೆನಪಿರಬೇಕು. ತಪ್ಪು ಹಿಡಿಯಾಕ ಬರೋ ಇನ್ಸ್‌ಪೆಕ್ಷನ್ ಅಲ್ಲ ಅದು, ನಮ್ಮಂಥಾಕಿನೇ ಒಬ್ಬಾಕಿ ಬಂದು ಜೋಡಿ ಕುಂತು ಕೇಸ್ ಶೀಟ್ ನೋಡಿ ಹೇಳಿಕೊಡೋದು. ಅಂಥಾದ್ದು ಸಿಕ್ಕ ಕಡೆ ಹುಡುಗ್ಯಾರು ಧೈರ್ಯದಿಂದ ಕೆಲಸ ಮಾಡ್ತಾರ.

ಮತ್ತ ವಾರ್ಡ್ ಬದಲಿ. ಹೆರಿಗಿ ಕೋಣಿ ಸುಧಾರಸಾಕ ಕೇಂದ್ರ ಸರ್ಕಾರ ತಂದ ಲಕ್ಷ್ಯ ಕಾರ್ಯಕ್ರಮ 2017ರಾಗ ಬಂದಾಗಿಂದ ಮಾರ್ಗಸೂಚಿಯಾಗ ಐತಿ, ಲೇಬರ್ ರೂಮ್ ಸ್ಟಾಫ್‌ನ ಬ್ಯಾರೆ ವಾರ್ಡಿಗೆ ತಿರುಗಸಬ್ಯಾಡ್ರಿ ಅಂತ. ಕಲಿಸಿದಾಕಿನ್ನ ಓಟಿಗೆ ಹಾಕಿ, ಲೇಬರ್ ರೂಮಿಗೆ ನಿನ್ನೆ ಸೇರಿದಾಕಿನ್ನ ಹಾಕಿದ್ರ ತರಬೇತಿ ರೊಕ್ಕ ನೀರಾಗ ಹೋಮ. ಗೋಡಿಗೆ ಹೊಸಾ ಟೈಲ್ಸ್ ಹಾಕಸ್ತಾರ, ಅದಕ್ಕ ಮಾತ್ರ ಯಾರದೂ ತಕರಾರಿಲ್ಲ.

ಸವಿತಾ, ಸಿಂಧನೂರು: ನೂರಕ್ಕ ನೂರು ಖರೆ ಅಕ್ಕಾರ.

ಪ್ರವೀಣ್: ಸರ್ಕಾರಿ ನರ್ಸ್‌ಗಳು ಫೋನ್ ನೋಡ್ಕೊಂಡು ಕೂತಿರ್ತಾರೆ, ಬಡವ್ರಿಗೆ ಬೈತಾರೆ, ಅದರ ಬಗ್ಗೆ ರಿಸರ್ಚ್ ಇಲ್ವಾ?

ಸವಿತಾ, ಸಿಂಧನೂರು: ನೀವು ಒಂದು ನೈಟ್ ಬಂದು ನಿಂದ್ರಿ ಸರ್ ನಮ್ಮ ಜೋಡಿ. ಬರೇ ನಿಂದ್ರಿ ಸಾಕು.

ಶಾರದಾ ಸಿಸ್ಟರ್: ಬೈಯೋದು ತಪ್ಪು. ಹೊಡೆಯೋದು, ಹೊಟ್ಟಿ ಮ್ಯಾಲ ಒತ್ತೋದು ಅದಕ್ಕಿಂತ ದೊಡ್ಡ ತಪ್ಪು. ನಾ ಅದನ್ನ ಸಮರ್ಥನಿ ಮಾಡಂಗಿಲ್ಲ. ಲೇಬರ್ ರೂಮಿನ್ಯಾಗ ತಾಯಿಯೋ ಅಕ್ಕನೋ ಜೋಡಿಗಿರಬೇಕು ಅಂತ ನಿಯಮ ಇರೋದು ಅದಕ್ಕ, ಕೇಳ್ರಿ, ನಿಮ್ಮ ಹಕ್ಕು ಅದು.

ನಯನಾ: ಸಿಸ್ಟರ್ ಕೇಸರಿ ಹಾಲು ಕುಡಿದ್ರೆ ಮಗು ಬೆಳ್ಳಗೆ ಆಗತ್ತಾ?

ಶಾರದಾ ಸಿಸ್ಟರ್: ಇಲ್ಲ.

ಮಂಜುನಾಥ್, ಚಳ್ಳಕೆರೆ: ಮೇಡಂ ಅರ್ಜೆಂಟ್ ಏನಿಲ್ಲ, ಟೈಮ್ ಇದ್ದಾಗ ಹೇಳಿ. ಹೆಂಡ್ತಿಗೆ 35 ವಾರ, ಮೊದಲನೇದು. ಎರಡು ದಿನದಿಂದ ತಲೆನೋವು, ಡೋಲೋ ಕೊಟ್ರೂ ಹೋಗಿಲ್ಲ, ಕಣ್ಮುಂದೆ ಮಿಂಚು ಹೊಡೆದಂಗೆ ಆಗತ್ತೆ ಅಂತಾಳೆ, ಮುಖ ಊದಿದೆ. ನಿನ್ನೆ ನರ್ಸಮ್ಮ ಬಿಪಿ ನೋಡಿದಾಗ 150/100 ಇತ್ತು, ಸೋಮವಾರ ದೊಡ್ಡಾಸ್ಪತ್ರೆಗೆ ತೋರ್ಸಿ ಅಂದ್ರು. ನಮ್ಮತ್ತೆ ಬಾರ್ಲಿ ನೀರು ಕೊಡ್ತಿದಾರೆ, ಉಪ್ಪು ಬಿಡಿಸಿದೀವಿ. ಇಷ್ಟು ಸಾಕಾ?

ಕುಮಾರ್ ಆರೋಗ್ಯ ಸಂಜೀವಿನಿ: ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು ಎಸಳು ಬೆಳ್ಳುಳ್ಳಿ, ನುಗ್ಗೆಸೊಪ್ಪಿನ ರಸ. ಮೂರೇ ದಿನದಲ್ಲಿ ಬಿಪಿ ನಾರ್ಮಲ್. ಶೇರ್ ಮಾಡಿ, ಒಂದು ಜೀವ ಉಳಿಸಿ 🙏

ಶಾರದಾ ಸಿಸ್ಟರ್: ಮಂಜುನಾಥ್, ಸೋಮವಾರ ಅಲ್ಲ, ಈಗ. ಇದನ್ನ ಓದಿದ ಕೂಡಲೇ 108ಕ್ಕ ಫೋನ್ ಮಾಡ್ರಿ, ಗಾಡಿ ಇದ್ರ ಗಾಡಿ ತಗೋರಿ. ತಾಯಿ ಕಾರ್ಡ್ ಮರೀಬ್ಯಾಡ್ರಿ. ಬಿಪಿ, ತಲಿನೋವು, ಕಣ್ಣಿಗೆ ಮಿಂಚು, ಮಾರಿ ಬಾವು, ಈ ನಾಲ್ಕೂ ಕೂಡಿದ್ರ ಯಾವಾಗ ಬೇಕಾದ್ರ ಫಿಟ್ಸ್ ಬರಬಹುದು. ಎದಿ ಕೆಳಗ, ಹೊಟ್ಟಿ ಮ್ಯಾಲಿನ ಭಾಗದಾಗ ನೋವು ಐತೇನು ಕೇಳ್ರಿ, ಮೂತ್ರ ಕಡಿಮಿ ಹೋಗ್ತದೇನು ಕೇಳ್ರಿ, ಆದ್ರ ಉತ್ತರಕ್ಕ ಕಾಯ್ಕೋತ ಕುಂದ್ರಬ್ಯಾಡ್ರಿ. ಸಿಸೇರಿಯನ್ ಆಗೋ, ರಕ್ತ ಸಿಗೋ ದವಾಖಾನಿಗೇ ಹೋಗ್ರಿ. ಅದು ದೂರ ಇದ್ರ ದಾರಿಯೊಳಗಿನ ಪಿಎಚ್‌ಸಿಯಾಗ ಮ್ಯಾಗ್ನೀಷಿಯಂ ಸಲ್ಫೇಟ್ ಮೊದಲ ಡೋಸ್ ಹಾಕಿ ಕಳಿಸ್ರಿ ಅಂತ ಕೇಳ್ರಿ, ಹೆಸರು ಬರ್ಕೊರಿ. ಆ ಔಷಧ ಹಳೇದು, ಸೋವಿ. 2002ರಾಗ 33 ದೇಶದ 10,000 ಬಸುರಿಯರೊಳಗ ನೋಡ್ಯಾರ, ಫಿಟ್ಸ್ ಬರೋದು ಅರ್ಧಕ್ಕ ಇಳೀತು. ಗಾಡ್ಯಾಗ ಎಡ ಮಗ್ಗಲಾಗಿ ಮಲಗಸ್ರಿ. ಫಿಟ್ಸ್ ಬಂದ್ರ ಬಾಯಾಗ ಚಮಚ, ಬೆರಳು, ನೀರು ಏನೂ ಹಾಕಬ್ಯಾಡ್ರಿ, ಕೈಯಾಗ ಕಬ್ಬಿಣ ಹಿಡಿಸಬ್ಯಾಡ್ರಿ, ಮಗ್ಗಲಿಗೆ ತಿರುಗಿಸಿ ಬೀಳದಂಗ ನೋಡ್ಕೊರಿ. ಹೊಂಟ ಮ್ಯಾಲ ಇಲ್ಲಿ ಒಂದು ಮಾತು ಹಾಕ್ರಿ.

ಕುಮಾರ್ ಅವರೇ, ನಿಮ್ಮ ಬೆಳ್ಳುಳ್ಳಿ ಸಾರಿಗೆ ಹಾಕ್ಕೊರಿ. ಮೂರು ದಿನ ಅಂತೀರಿ, ಆಕಿ ಹತ್ರ ಮೂರು ತಾಸು ಐತೋ ಇಲ್ಲೋ ಗೊತ್ತಿಲ್ಲ. ಅಡ್ಮಿನ್, ಆ ಮೆಸೇಜ್ ತಗೀರಿ.

ಕುಮಾರ್ ಆರೋಗ್ಯ ಸಂಜೀವಿನಿ: ಆಯುರ್ವೇದಕ್ಕೆ ಅವಮಾನ ಮಾಡ್ಬೇಡಿ ಮೇಡಂ. ಅಲೋಪತಿ ಲಾಬಿ ಗೊತ್ತು ನಮಗೆ.

ಡಾ. ಶ್ರೀಲತಾ, ಬಿಎಎಂಎಸ್: ನಾನು ಆಯುರ್ವೇದ ಓದಿರೋಳು. ಈ ಕೇಸಿಗೆ ನಾನೂ 108 ಅಂತಲೇ ಹೇಳೋದು. ನೀವು ಯಾವ ಕಾಲೇಜು ಸರ್?

ಮಹೇಶ್, ಮಧುಗಿರಿ: ಎಲ್ಲದಕ್ಕೂ ಆಸ್ಪತ್ರೆ ಆಸ್ಪತ್ರೆ ಅಂತ ಹೆದರ್ಸೋದು ಬಿಡಿ. ನಮ್ಮಜ್ಜಿ ಹತ್ತು ಹೆತ್ರು ಮನೇಲೇ. ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮಜ್ಜಿ 15,000 ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ತಗೊಂಡ್ರು, ಯಾವ ಡಿಗ್ರಿ ಇತ್ತು?

ಲೀನಾ, ಬಂಟ್ವಾಳ: ಅಜ್ಜಿ ಹತ್ತು ಹೆತ್ತದ್ದು ಸರಿ ಮಾರಾಯ್ರೆ, ಎಷ್ಟು ಉಳಿದದ್ದು ಅಂತ ಹೇಳುದಿಲ್ಲ ಯಾರೂ.

ಮಹೇಶ್, ಮಧುಗಿರಿ: ಆರು. ಅದಕ್ಕೆ ಏನೀಗ?

ಲೀನಾ, ಬಂಟ್ವಾಳ: ಏನಿಲ್ಲ.

ಪ್ರವೀಣ್: ಆದ್ರೂ ಪ್ರೈವೇಟಲ್ಲಿ ಕುಯ್ಯೋದು ದುಡ್ಡಿಗೇ ಅಲ್ವಾ? ಅದನ್ನ ಯಾರೂ ಮಾತಾಡಲ್ಲ.

ಶಾರದಾ ಸಿಸ್ಟರ್: ನರಸಮ್ಮಜ್ಜಿ ಬಗ್ಗೆ ನನಗ ಗೌರವ ಐತಿ. ಹೊಟ್ಟಿ ಮ್ಯಾಲ ಕೈಯಿಟ್ಟು ಕೂಸು ಹೆಂಗ ಕುಂತೈತಿ ಹೇಳೋ ಕೈ ಅದು, ಮತ್ತ ಬಾಣಂತಿನ್ನ ಬಿಟ್ಟು ಏಳತಿರಲಿಲ್ಲ. ಆ ಬಿಟ್ಟು ಏಳದಿರೋದನ್ನೇ ಈಗ ಮಿಡ್‌ವೈಫರಿ ಅಂತ ವಾಪಸ್ ತರಾಕ ಹೊಂಟೀವಿ: 2018ರ ಕೇಂದ್ರ ಮಾರ್ಗಸೂಚಿ, 18 ತಿಂಗಳ ತರಬೇತಿ, ತೊಂದರಿ ಇಲ್ಲದ ಹೆರಿಗಿ ಮಿಡ್‌ವೈಫ್ ಕೈಯಾಗ, ತೊಂದರಿ ಬಂದ್ರ ಬಾಜೂ ಕೋಣ್ಯಾಗ ಡಾಕ್ಟರ್. ಸಿಸೇರಿಯನ್ ನಮ್ಮ ರಾಜ್ಯದಾಗ ಹೆಚ್ಚಾಗೈತಿ, 2019-21ರ ಸಮೀಕ್ಷಿಯಾಗ 31.5%, ದೇಶದ್ದು 21.5%. ಅಷ್ಟೂ ರೊಕ್ಕಕ್ಕ ಅನ್ನೋದು ತಪ್ಪು, ರೊಕ್ಕಕ್ಕ ಯಾವುದೂ ಇಲ್ಲ ಅನ್ನೋದೂ ತಪ್ಪು. ಮಂಜುನಾಥ್ ಹೊಂಟ್ರೇನು?

ಮಂಜುನಾಥ್, ಚಳ್ಳಕೆರೆ: ಹೊರಟ್ವಿ ಮೇಡಂ ಗಾಡೀಲಿದೀವಿ

ಅನಿತಾ: ಹೊಲಿಗೆ ಹಾಕಿದ ಜಾಗ ಮೂರು ತಿಂಗಳಾದ್ರೂ ನೋವಿದೆ, ಕೂತ್ಕೊಳ್ಳೋಕೆ ಆಗಲ್ಲ, ಏನ್ ಮಾಡ್ಲಿ?

ಗುರುರಾಜ್: ಪ್ರಸೂತಿ ಆರೈಕೆ ದುಡ್ಡು ಇನ್ನೂ ಅಕೌಂಟಿಗೆ ಬಂದಿಲ್ಲ, ಯಾರ ಹತ್ರ ಕೇಳ್ಬೇಕು?

ಪೂಜಾ, ಬಿಎಸ್ಸಿ ನರ್ಸಿಂಗ್, ಬೆಳಗಾವಿ: ಮ್ಯಾಮ್, ರಿಸರ್ಚ್ ಪ್ರಾಜೆಕ್ಟಿಗೆ ಟಾಪಿಕ್ ಹೇಳ್ರಿ. ಎಲ್ಲಾರೂ ಫಾರಿನ್ ಸ್ಟಡೀಸ್ ಬಗ್ಗೆನೇ ಹೇಳ್ತಾರ, ನಮ್ಮ ಕಡೆ ಏನೂ ಆಗಿಲ್ಲೇನ್ರಿ?

ಶಾರದಾ ಸಿಸ್ಟರ್: ಬೆಳಗಾವ್ಯಾಗ ಕುಂತು ಈ ಪ್ರಶ್ನೆ ಕೇಳ್ತೀಯಲ್ಲ ತಂಗಿ! ನಿಮ್ಮ ಜಿಲ್ಲಾದ ಹಳ್ಳ್ಯಾಗ 2002ರಿಂದ 2005ರ ತನಕ 1,620 ಹೆರಿಗಿಯೊಳಗ ಎಎನ್‌ಎಂ ಅಕ್ಕಾರು, ಅಂದ್ರ ಹಳ್ಳಿ ನರ್ಸಮ್ಮಗಳು, ಮಿಸೊಪ್ರೊಸ್ಟಾಲ್ ಗುಳಿಗಿ ಕೊಟ್ಟು ನೋಡಿದ್ರು, ಅರ್ಧ ಮಂದಿಗೆ ಗುಳಿಗಿ, ಅರ್ಧ ಮಂದಿಗೆ ಹಂಗ ಕಾಣೋ ಔಷಧ ಇಲ್ಲದ ಗುಳಿಗಿ. ಹೆರಿಗಿ ಆದ ಮ್ಯಾಲಿನ ರಕ್ತಸ್ರಾವ 12%ನಿಂದ 6.4%ಕ್ಕ ಇಳೀತು. 2006ರಾಗ ಲ್ಯಾನ್ಸೆಟ್ ಪತ್ರಿಕಿಯೊಳಗ ಬಂತು, ಜಗತ್ತೇ ಓದಿತು. ಅಲ್ಲೇ ರಕ್ತ ಅಳಿಯಾಕ ಬಾಣಂತಿ ಕೆಳಗ ಹಾಸೋ ಅಳತಿ ಗೆರಿ ಇರೋ ಪ್ಲಾಸ್ಟಿಕ್ ಚೀಲಾನೂ ಬಳಸಿದ್ರು. ಯಾಕ ಅಂದ್ರ ಕಣ್ಣಳತಿ ಮೋಸ ಮಾಡ್ತದ, ಬಟ್ಟಿ ಹೀರಿಕೊಂಡದ್ದು ಲೆಕ್ಕಕ್ಕ ಬರಂಗಿಲ್ಲ, 700 ಎಂಎಲ್ ಹೋಗಿದ್ರೂ 300 ಅಂತ ಬರೀತೀವಿ. ಅಂಥಾದ್ದೇ ಚೀಲ ಇಟ್ಕೊಂಡು ಆಫ್ರಿಕಾದ ನಾಲ್ಕು ದೇಶದ 80 ದವಾಖಾನಿಯೊಳಗ, 2 ಲಕ್ಷದ ಮ್ಯಾಲ ಹೆರಿಗಿಯಾಗ ನೋಡ್ಯಾರ. ಅಳಿಯೋದು, ಗಡಿ ದಾಟಿದ ಕೂಡಲೇ ಗರ್ಭಚೀಲ ತಿಕ್ಕೋದು, ಗರ್ಭಚೀಲ ಬಿಗಿ ಮಾಡೋ ಆಕ್ಸಿಟೋಸಿನ್, ರಕ್ತ ನಿಲ್ಲಸೋ ಟ್ರಾನೆಕ್ಸಾಮಿಕ್ ಆಸಿಡ್, ಸಲೈನ್, ಪರೀಕ್ಷೆ ಎಲ್ಲಾ ಒಟ್ಟಿಗೆ, ಒಂದು ಆದ ಮ್ಯಾಲ ಒಂದು ಅಲ್ಲ. 2023ರಾಗ ಬಂದ ಫಲಿತಾಂಶ: ತೀವ್ರ ರಕ್ತಸ್ರಾವದ ಅನಾಹುತ 60% ಕಡಿಮಿ. ನಿನ್ನ ಟಾಪಿಕ್: ನಿಮ್ಮ ಪೋಸ್ಟಿಂಗ್ ದವಾಖಾನಿಯೊಳಗ ಕಣ್ಣಳತಿಗೂ ಚೀಲದ ಅಳತಿಗೂ ಎಷ್ಟು ಫರಕ್ ಬರ್ತದ. ಎಥಿಕ್ಸ್ ಕಮಿಟಿ ಒಪ್ಪಿಗಿ ತಗೊಂಡು ಮಾಡು.

ಸುಮಾ: ಆ ಗುಳಿಗೆ ಹೆಸರು ಬರ್ಕೊಂಡೆ, ಮನೇಲಿ ಇಟ್ಕೊಂಡಿದ್ರೆ ಒಳ್ಳೇದಲ್ವಾ?

ಶಾರದಾ ಸಿಸ್ಟರ್: ಅಲ್ಲ. ಕೂಸು ಹೊರಗ ಬರೋಕ್ಕಿಂತ ಮೊದಲು ತಗೊಂಡ್ರ ಗರ್ಭಚೀಲ ಒಡೀಬಹುದು. ಗುಳಿಗಿ ಹೆಸರು ಬರೀಲೇಬಾರದಾಗಿತ್ತೇನೋ ಅನ್ನೋ ಹಂಗ ಮಾಡ್ತೀರಿ ನೀವು.

ಚಂದನ: ಹರಳೆಣ್ಣೆ ಬಗ್ಗೆ ಹೇಳ್ತೀರಾ ಮೇಡಂ, 39 ವಾರ

ಶಾರದಾ ಸಿಸ್ಟರ್: ಮ್ಯಾಲ ಓದ್ರಿ.

ದಿನೇಶ್, ಸ್ಟಾಫ್ ನರ್ಸ್: ಮಿಡ್‌ವೈಫರಿ ಕೋರ್ಸ್ ಮಾಡಿದ್ರೆ ಪ್ರಮೋಷನ್, ಹೊಸ ಪೇ ಸ್ಕೇಲ್ ಇದ್ಯಾ? 18 ತಿಂಗಳು ಓದಿ ವಾಪಸ್ ಬಂದು ಅದೇ ಸೀಟಲ್ಲಿ ಕೂರೋದಾದ್ರೆ ಯಾಕೆ ಹೋಗ್ಬೇಕು?

ಸವಿತಾ, ಸಿಂಧನೂರು: ಪರ್ಮನೆಂಟ್ ಇದ್ದವ್ರು ಪ್ರಮೋಷನ್ ಕೇಳ್ರಿ. ನಾವು ವರ್ಷಾ ವರ್ಷಾ ರಿನ್ಯೂವಲ್ ಆಗ್ತದೋ ಇಲ್ಲೋ ಅಂತ ಕುಂತಿರ್ತೀವಿ.

ದಿನೇಶ್, ಸ್ಟಾಫ್ ನರ್ಸ್: ಪರೀಕ್ಷೆ ಬರೆದು ಬಂದಿದೀವಿ ಮೇಡಂ, ಭಿಕ್ಷೆ ಅಲ್ಲ.

ಸವಿತಾ, ಸಿಂಧನೂರು: ನಾವೇನು ಪಾಸಾಗದ ಬಂದೀವೇನ್ರಿ? ನೈಟ್ ಯಾರು ಮಾಡ್ತಾರ ಅದನ್ನ ಬರೀರಿ ಮೊದಲು.

ಅಡ್ಮಿನ್: ದಯವಿಟ್ಟು ಪರ್ಸನಲ್ ಬೇಡ.

ದಿನೇಶ್, ಸ್ಟಾಫ್ ನರ್ಸ್: ಪರ್ಸನಲ್ ಶುರು ಮಾಡಿದ್ದು ನಾನಲ್ಲ.

ಮಂಜುನಾಥ್, ಚಳ್ಳಕೆರೆ: ಮೇಡಂ ಅಡ್ಮಿಟ್ ಮಾಡ್ಕೊಂಡ್ರು. ಬಿಪಿ 170/110 ಇತ್ತು ಇಲ್ಲಿ. ನೀವು ಹೇಳಿದ ಇಂಜೆಕ್ಷನ್ ಹಾಕಿದಾರೆ. ಇವತ್ತು ರಾತ್ರಿ ಹೆರಿಗೆ ಮಾಡಿಸ್ಬೇಕಾಗಬಹುದು ಅಂತಿದಾರೆ.

ಶಾರದಾ ಸಿಸ್ಟರ್: ಛಲೋ ಆತು. ಇನ್ನೊಂದು ಮಾತು ಈಗಲೇ ಹೇಳ್ತೀನಿ: ಹೆರಿಗಿ ಆದ ಕೂಡಲೇ ಅಪಾಯ ಮುಗೀತು ಅನ್ಕೋಬ್ಯಾಡ್ರಿ. ಫಿಟ್ಸ್ ಆಮ್ಯಾಲನೂ ಬರ್ತಾವ, ಮೊದಲ ಎರಡು ದಿನ ಭಾಳ ನೋಡ್ಕೋಬೇಕು. ಕೂಸು ಆರಾಮ ಐತಿ ಅಂತ ಸಹಿ ಹಾಕಿ ಅವಸರ ಮಾಡಿ ಡಿಸ್ಚಾರ್ಜ್ ತಗೋಬ್ಯಾಡ್ರಿ. ಮನಿಗೆ ಹೋದ ಮ್ಯಾಲೂ ಬಿಪಿ ನೋಡಸ್ರಿ. ಮುಂದಿನ ಸಲ ಬಸುರಿ ಆದ್ರ ಮೊದಲ ಚೆಕಪ್‌ನ್ಯಾಗ ಈ ಸಲ ಹಿಂಗಾಗಿತ್ತು ಅಂತ ಹೇಳ್ರಿ, ಆಗ ಸಣ್ಣ ಡೋಸ್ ಆಸ್ಪಿರಿನ್ ಬೇಕೇನು ಅಂತ ಡಾಕ್ಟರ್ ನೋಡ್ತಾರ.

ಕುಮಾರ್ ಆರೋಗ್ಯ ಸಂಜೀವಿನಿ: ಬಾಣಂತಿಗೆ ನೀರು ಕಡಿಮೆ ಕೊಡಿ, ಇಲ್ಲಾಂದ್ರೆ ಹೊಟ್ಟೆ ಬರತ್ತೆ. ಇದು ನಮ್ಮ ಹಿರಿಯರ...

ಲೀನಾ, ಬಂಟ್ವಾಳ: ಇವ್ರನ್ನು ಯಾರಾದ್ರೂ ತೆಗೀರಿ ಮಾರಾಯ್ರೆ.

ಶಾರದಾ ಸಿಸ್ಟರ್: ಬಾಣಂತಿಗೆ ಕೇಳಿದಷ್ಟು ನೀರು ಕೊಡ್ರಿ. ಅಡ್ಮಿನ್, ಎರಡನೇ ಸಲ ಹೇಳ್ತಾ ಇದ್ದೀನಿ.

ಅಡ್ಮಿನ್: ತೆಗೆದೆ ಸಿಸ್ಟರ್.

ಹೆಸರು ಬೇಡ, ಸ್ಟಾಫ್ ನರ್ಸ್: ಸಿಸ್ಟರ್, ನನ್ನ ಪ್ರಶ್ನೆ ಜಗಳದಲ್ಲಿ ಹೋಯ್ತು. ರಾಜೀನಾಮೆ ಕೊಡ್ಲಾ ಬೇಡ್ವಾ?

ಶಾರದಾ ಸಿಸ್ಟರ್: ಅದನ್ನ ನಾ ಹೇಳಾಕ ಬರಂಗಿಲ್ಲ, ನಿಮ್ಮ ಮನಿ ನನಗ ಗೊತ್ತಿಲ್ಲ. ಬಿಡೋದೇ ಆದ್ರ ಮೊದಲು ಒಂದು ಪತ್ರ ಬರೀರಿ. ರಾತ್ರಿ ಪಾಳಿಗೆ ಇಬ್ರು ಸಿಸ್ಟರ್ ಬೇಕು, ಲೇಬರ್ ರೂಮ್ ಸ್ಟಾಫ್‌ನ ತಿರುಗಸೋದು ನಿಲ್ಲಬೇಕು, ಸಾವು ಆದಾಗ ಆಡಿಟ್‌ನ್ಯಾಗ ನಮ್ಮ ಮಾತೂ ಕೇಳಬೇಕು ಅಂತ. ಒಬ್ರೇ ಬ್ಯಾಡ, ಎಲ್ಲಾ ಶಿಫ್ಟಿನವ್ರೂ ಸಹಿ ಮಾಡ್ರಿ. ಯಾವ ರಾತ್ರಿ ಎಷ್ಟು ಹೆರಿಗಿ, ಎಷ್ಟು ಸ್ಟಾಫ್ ಅಂತ ರಜಿಸ್ಟರ್ ನೋಡಿ ಒಂದು ತಿಂಗಳದ್ದು ಜೋಡಸ್ರಿ. ಅದೂ ಸಂಶೋಧನಿನೇ.

ಹೆಸರು ಬೇಡ, ಸ್ಟಾಫ್ ನರ್ಸ್: ಬರೀತೀನಿ. ಆದ್ರೆ ತಗೊಳ್ಳೋಕೆ ನಮ್ಮಲ್ಲಿ ಯಾರಿದಾರೆ, ಆಡಳಿತ ವೈದ್ಯಾಧಿಕಾರಿ ಇನ್‌ಚಾರ್ಜ್ ಮೇಲೆ ಇದಾರೆ, ವಾರಕ್ಕೆ ಎರಡು ದಿನ ಬರ್ತಾರೆ.

ಶಾರದಾ ಸಿಸ್ಟರ್: ಆರ್‌ಸಿಎಚ್‌ಓ, ಅಂದ್ರ ಜಿಲ್ಲಾದ ತಾಯಿ-ಮಕ್ಕಳ ಆರೋಗ್ಯ ಅಧಿಕಾರಿ, ಅವರ ಆಫೀಸಿನ ಟಪಾಲಿಗೆ ಕೊಡ್ರಿ. ಇನ್‌ವರ್ಡ್ ನಂಬರ್ ಹಾಕಿಸ್ಕೊಂಡು ಒಂದು ಝೆರಾಕ್ಸ್ ನಿಮ್ಮ ಹತ್ರ ಇಟ್ಕೊರಿ.