ಊಲೈಟ್ (ಬಾಹ್ಯಾಕಾಶದಲ್ಲಿ ಹಡಗು ಓಡಿಸ್ಕೊಂಡು ವ್ಯಾಪಾರ ಮಾಡೋ ಕಂಪ್ಯೂಟರ್ ಗೇಮ್) ಆಡೋರು ಯಾರಾದ್ರೂ ಇದೀರಾ? ಜಾಯ್‌ಸ್ಟಿಕ್ ವಿಷ್ಯದಲ್ಲಿ ಸಹಾಯ ಬೇಕಿತ್ತು

ಎಲ್ರಿಗೂ ನಮಸ್ಕಾರ, ನಾನು ತೀರ್ಥಹಳ್ಳಿ ಹತ್ರದವ್ನು. ಮಳೆಗಾಲ ಶುರುವಾದ್ರೆ ನಮ್ಮಲ್ಲಿ ನೆಟ್ ಇರೋದೇ ಅಪರೂಪ, ಅದಕ್ಕೆ ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ ಬದ್ಲು ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕ್ಕೊಂಡು ಊಲೈಟ್ ಆಡ್ತಿದೀನಿ, ನೆಟ್ಟೇ ಬೇಡ, ದುಡ್ಡೂ ಕೊಡಬೇಕಿಲ್ಲ. 1984ರಲ್ಲಿ ಬಂದ ಎಲೈಟ್ ಗೇಮಿನ ಜಾಡಲ್ಲೇ ಮಾಡಿರೋದು, 8 ಗ್ಯಾಲಕ್ಸಿ, ಒಂದೊಂದ್ರಲ್ಲೂ 256 ಗ್ರಹ, ಕೈಯಲ್ಲಿ 100 ಕ್ರೆಡಿಟ್ ಕೊಟ್ಟು ಬಿಟ್ಬಿಡ್ತಾರೆ, ಆಮೇಲೆ ವ್ಯಾಪಾರನೋ ಜಗಳನೋ ನಮ್ಮಿಷ್ಟ. ಲಾವೆ ಅನ್ನೋ ಗ್ರಹದಲ್ಲಿ ಆಹಾರ ತುಂಬ್ಕೊಂಡು ಜಾವೋನ್ಸ್ ಅನ್ನೋ ಇನ್ನೊಂದು ಗ್ರಹಕ್ಕೆ ಹೋಗಿ ಮಾರಿ ಅಲ್ಲಿಂದ ಕಂಪ್ಯೂಟರ್ ತರೋದು, ಅಡಿಕೆ ಮಂಡಿ ರೇಟು ನೋಡ್ತಾ ಬೆಳೆದೋರಿಗೆ ಇದು ತುಂಬಾ ಹಿಡಿಸತ್ತೆ, ನಂಗಂತೂ ಇಷ್ಟು ಖುಷಿ ಕೊಟ್ಟ ಗೇಮ್ ಬೇರೆ ಇಲ್ಲ.

ಈಗ ಸಮಸ್ಯೆ ಏನಂದ್ರೆ ಸೆಕೆಂಡ್ ಹ್ಯಾಂಡ್ ಜಾಯ್‌ಸ್ಟಿಕ್ ತಗೊಂಡೆ, ಅದನ್ನ ಮುಟ್ಟದೇ ಇದ್ರೂ ಹಡಗು ತಾನೇ ಎಡಕ್ಕೆ ಉರುಳ್ತಾ ಇರತ್ತೆ. ಹಡಗು ನಿಲ್ಲಿಸೋ ಬಾಹ್ಯಾಕಾಶ ಸ್ಟೇಷನ್ನೇ ತಿರುಗ್ತಿರತ್ತೆ, ಅದ್ರ ತಿರುಗಾಟಕ್ಕೆ ಹೊಂದಿಸ್ಕೊಂಡು ಆ ಸಣ್ಣ ಬಾಗಿಲೊಳಗೆ ನುಗ್ಗಬೇಕು, ಹಡಗು ಹೀಗೆ ಉರುಳೋದ್ರಿಂದ ನಿನ್ನೆ ಮೂರು ಸಲ ಗೋಡೆಗೆ ಹೊಡೆದು ತುಂಬಿದ ಸರಕೆಲ್ಲಾ ಹೋಯ್ತು, ನಿಜವಾಗ್ಲೂ ಬೇಜಾರಾಯ್ತು. ಜೆಎಸ್‌ಟೆಸ್ಟ್ ಜಿಟಿಕೆ ಅನ್ನೋ ಜಾಯ್‌ಸ್ಟಿಕ್ ಪರೀಕ್ಷೆ ಮಾಡೋ ಸಾಫ್ಟ್‌ವೇರಲ್ಲಿ ಕ್ಯಾಲಿಬ್ರೇಟ್ ಮಾಡ್ದೆ (ಅಂದ್ರೆ ಕಡ್ಡಿಯ ನಡು ಜಾಗ ಸರಿಹೊಂದಿಸ್ದೆ), ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದ್ರೆ ಮತ್ತೆ ಮೊದಲಿನ ಹಾಗೇ. ಕೀಬೋರ್ಡಲ್ಲಿ ಏನೂ ತೊಂದ್ರೆ ಇಲ್ಲ.

ಕ್ಯಾಲಿಬ್ರೇಷನ್ ಖಾಯಂ ಉಳಿಸೋದು ಹೇಗೆ, ಡೆಡ್‌ಝೋನ್ (ಕಡ್ಡಿ ಸ್ವಲ್ಪ ಅಲ್ಲಾಡಿದ್ರೂ ಲೆಕ್ಕಕ್ಕೆ ಬರದ ನಡು ಜಾಗ) ಗೇಮಲ್ಲೇ ಜಾಸ್ತಿ ಮಾಡ್ಬೇಕಾ ಹೊರಗಡೆನಾ? ಇನ್ನೊಂದು, ಸ್ಟೇಷನ್ ಹತ್ರ ಹೋದಾಗ ಚಿತ್ರ ತಡವರಿಸತ್ತೆ, ಡೀಟೇಲ್ ಲೆವೆಲ್ ಮಿನಿಮಮ್‌ಗೆ ಇಳಿಸಿದ್ರೆ ಸಾಕಾ? ಶಿವಮೊಗ್ಗದ ಕಡೆ ಯಾರಾದ್ರೂ ಆಡೋರಿದ್ರೆ ಶನಿವಾರ ಲ್ಯಾಪ್‌ಟಾಪ್ ಹಿಡ್ಕೊಂಡು ನಾನೇ ಬರ್ತೀನಿ.