ಒಂದು ಫಾರ್ವರ್ಡಿನಿಂದ ಎದ್ದ ತಬಲಾ ಜಗಳ

ನಮ್ಮ ಗುಂಪಿನ ಹೆಸರು ‘ಎಸ್ಸೆಸ್ಸೆಲ್ಸಿ 94, ಕನ್ನಡ ಡಿವಿಷನ್’. ತರಗತಿಯಲ್ಲಿ ಒಂದೇ ಹೆಸರಿನವರು ಮೂರು ನಾಲ್ಕು ಮಂದಿ ಇದ್ದುದರಿಂದ ಹಾಜರಿ ಪುಸ್ತಕದ ಹೆಸರುಗಳು ಆಗಲೇ ಮೂಲೆಗೆ ಬಿದ್ದಿದ್ದವು. ಇವತ್ತಿಗೂ ನಾವು ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುತ್ತೇವೆ. ಅಡ್ಮಿನ್ ನಾನು. ಕಳೆದ ಆದಿತ್ಯವಾರದ ಜಗಳವನ್ನು ಎಲ್ಲರ ಒಪ್ಪಿಗೆ ಪಡೆದು ಇಲ್ಲಿ ಹಾಕುತ್ತಿದ್ದೇನೆ. ಶುಭೋದಯದ ಹೂಗಳು, ಅಡಿಕೆ ಧಾರಣೆ, ಹೆಬ್ಬೆರಳುಗಳು ಇವಿಷ್ಟನ್ನು ತೆಗೆದಿದ್ದೇನೆ. ಒಪ್ಪಿಗೆ ಕೊಡುವಾಗ ಕುಂಬಳೆ, “ನನ್ನ ಕಾಗುಣಿತ ಸರಿಮಾಡಿ ಹಾಕು” ಎಂದ. ಎಲ್ಲರದನ್ನೂ ಸರಿಮಾಡಿದ್ದೇನೆ.

ಬದಿಯಡ್ಕ: (ಹಲವು ಬಾರಿ ಫಾರ್ವರ್ಡ್ ಆದದ್ದು) ಶಾಲೆಯ ಮೂವರು ಗೆಳೆಯರು. ಮೂವರೂ ಓದು ಬಿಟ್ಟರು. ಊರು ನಕ್ಕಿತು. ಇಂದು ಅವರ ‘ಗ್ರೀನ್ ಡೇ’ ಬ್ಯಾಂಡಿನ ಮುಂದೆ ಲೋಕವೇ ಕುಣಿಯುತ್ತಿದೆ. ನಿಮ್ಮ ಮಗುವಿನ ಕೈಯಿಂದ ಪುಸ್ತಕ ತೆಗೆದುಕೊಂಡು ಗಿಟಾರ್ ಕೊಡಿ. ಹತ್ತು ಜನರಿಗೆ ಕಳುಹಿಸಿ.

ಪೆರ್ಲ: ಇದನ್ನು ಈಗಲೇ ಅಳಿಸು.

ಬದಿಯಡ್ಕ: ಏಕೆ? ನಾನು ಓದಿಯೇ ಕಳುಹಿಸಿದ್ದು.

ಪೆರ್ಲ: ನನ್ನ ಮಗ ಪ್ಲಸ್ ಟು. ಅವನೂ ಅವನ ಮೂವರು ಗೆಳೆಯರೂ ಸೇರಿ ನಮ್ಮ ಅಡಿಕೆ ಚೀಲ ಇಡುವ ಕೋಣೆಯಲ್ಲಿ ದಿನಾ ಸಂಜೆ ಇದೇ ಬ್ಯಾಂಡಿನ ಹಾಡು ಹೊಡೆಯುತ್ತಾರೆ. ಹೌದು, ಹಾಡುವುದಲ್ಲ, ಹೊಡೆಯುವುದು. ದನ ಹಾಲು ಇಳಿಸುತ್ತಿಲ್ಲ ಎಂದು ಅಮ್ಮ ಹೇಳುತ್ತಾರೆ. ನಿನ್ನೆ ರಾತ್ರಿ ಊಟಕ್ಕೆ ಕುಳಿತವನು ನಿನ್ನ ಈ ಫಾರ್ವರ್ಡನ್ನೇ ನನ್ನ ಬಟ್ಟಲಿನ ಪಕ್ಕ ಇಟ್ಟ. ಮುಂದೆ ಓದುವುದಿಲ್ಲವಂತೆ.

ಉಪ್ಪಳ: ಗ್ರೀನ್ ಡೇ ಎಂದರೆ ಪರಿಸರ ದಿನವಲ್ಲವೇ?

ಮಂಜೇಶ್ವರ: ಅಲ್ಲ ಮಾರಾಯ, ಅದು ಅಮೆರಿಕದ ಒಂದು ಪಾಪ್ ಪಂಕ್ ಬ್ಯಾಂಡ್. ಬದಿಯಡ್ಕ, ನೀನು ಕಳುಹಿಸಿದ್ದರಲ್ಲಿ ಬ್ಯಾಂಡಿನ ಹೆಸರೊಂದು ಸರಿ. ನನ್ನ ಮಗಳು 2025ರ ಮಾರ್ಚಿನಲ್ಲಿ ನೇತ್ರಾವತಿ ರೈಲು ಹತ್ತಿ ಮುಂಬಯಿಗೆ ಹೋಗಿ, ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ಇವರ ಹಾಡು ಕೇಳಿ ಬಂದವಳು. ಅವಳು ಬಂದ ಮೇಲೆ ಒಂದು ತಿಂಗಳು ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಹಾಗಾಗಿ ನನಗೂ ಬಾಯಿಪಾಠ. ಹೇಳಲೇ?

ಮಾಸ್ಟ್ರು: ಹೇಳು ಮಗೂ. ಮಳೆ ಬರುತ್ತಿದೆ, ಕರೆಂಟು ಇಲ್ಲ, ಮೊಬೈಲಿನಲ್ಲಿ ಇನ್ನೂ ಅರ್ಧ ಚಾರ್ಜು ಇದೆ.

ಮಂಜೇಶ್ವರ: ಕ್ಯಾಲಿಫೋರ್ನಿಯಾದ ರೋಡಿಯೋ ಎನ್ನುವ ಸಣ್ಣ ಊರು. ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಎಂಬ ಹುಡುಗನಿಗೆ ಹತ್ತು ವರ್ಷವಾಗಿದ್ದಾಗ, 1982ರಲ್ಲಿ, ಅಪ್ಪ ಕ್ಯಾನ್ಸರಿನಿಂದ ತೀರಿಹೋದರು. ಅವರು ಲಾರಿ ಓಡಿಸುತ್ತಿದ್ದವರು, ಜಾಝ್ ನುಡಿಸುತ್ತಿದ್ದವರು. ಅದೇ ಹೊತ್ತಿಗೆ ಶಾಲೆಯ ಊಟದ ಕೋಣೆಯಲ್ಲಿ ಅವನಿಗೆ ಮೈಕ್ ಡರ್ಂಟ್ ಜೊತೆಯಾದ. ತಾಯಿ ಹೋಟೆಲಿನಲ್ಲಿ ಬಡಿಸುವ ಕೆಲಸ ಮಾಡಿ ಮನೆ ನಡೆಸಿದರು. 1987ರಲ್ಲಿ ಹುಡುಗರು ‘ಸ್ವೀಟ್ ಚಿಲ್ಡ್ರನ್’ ಎಂಬ ಹೆಸರಿಟ್ಟುಕೊಂಡು ಮೊದಲ ಕಾರ್ಯಕ್ರಮ ಕೊಟ್ಟದ್ದು ಆ ತಾಯಿ ಕೆಲಸ ಮಾಡುತ್ತಿದ್ದ ವಲ್ಲೇಹೋದ ಹೋಟೆಲಿನಲ್ಲೇ. ಮೈಕನ ಮನೆಯವರು ಊರು ಬಿಟ್ಟಾಗ ಅವನು ಬಿಲ್ಲಿಯ ಮನೆಯಲ್ಲೇ ಬಾಡಿಗೆಗೆ ನಿಂತ. ಈಗ ಕೇಳು ಪೆರ್ಲ. ಹದಿನೆಂಟು ತುಂಬುವ ಹಿಂದಿನ ದಿನ, 1990ರ ಫೆಬ್ರವರಿಯಲ್ಲಿ, ಬಿಲ್ಲಿ ಶಾಲೆ ಬಿಟ್ಟದ್ದು ನಿಜ. ಆದರೆ ಅದೇ ಮನೆಯಲ್ಲಿದ್ದ ಮೈಕ್ ಅಡುಗೆ ಕೆಲಸಕ್ಕೂ ಹೋಗುತ್ತಾ ಶಾಲೆ ಮುಗಿಸಿದ.

ಪೆರ್ಲ: ಇದನ್ನು ಮಗನಿಗೆ ತೋರಿಸುತ್ತೇನೆ. ಶಾಲೆ ಮುಗಿಸಿದವನ ಭಾಗವನ್ನು ಮಾತ್ರ.

ಬದಿಯಡ್ಕ: ಅಂದರೆ ಒಬ್ಬನಾದರೂ ಬಿಟ್ಟಿದ್ದಾನಲ್ಲ! ಹಾಡು ಬರೆದು ಹೆಸರಾದವನು ಆ ಬಿಟ್ಟವನೇ ತಾನೇ?

ಮಂಜೇಶ್ವರ: ಅವನು ಶಾಲೆ ಬಿಟ್ಟ ಮರುದಿನ ಹಣದ ಮಳೆ ಸುರಿಯಲಿಲ್ಲ. 1987ರಿಂದ 1994ರವರೆಗೆ ಏಳು ವರ್ಷ ಲೆಕ್ಕ ಹಾಕು. ಲ್ಯಾರಿ ಲಿವರ್‌ಮೋರ್ ಎಂಬಾತ ಗುಡ್ಡದ ಮೇಲಿನ ಒಂದು ಮನೆಯಲ್ಲಿ ಇವರ ಹಾಡು ಕೇಳಿ ತನ್ನ ಸಣ್ಣ ಕಂಪನಿಯಿಂದ ರೆಕಾರ್ಡು ತಂದ. ಆ ದಿನ ಕೇಳಲು ಇದ್ದ ಮಕ್ಕಳನ್ನು ಒಂದು ಕೈಯ ಬೆರಳಿನಲ್ಲಿ ಎಣಿಸಬಹುದಿತ್ತು. ಆಮೇಲೆ ಊರೂರು ತಿರುಗಿದ್ದು ಯಾವುದರಲ್ಲಿ ಗೊತ್ತೇ? ಹಳೆಯ ಸಂಚಾರಿ ಗ್ರಂಥಾಲಯದ ಗಾಡಿಯಲ್ಲಿ. ಪುಸ್ತಕದ ಕಪಾಟುಗಳಿದ್ದ ಜಾಗದಲ್ಲಿ ಇವರ ಹಾಸಿಗೆ, ಡ್ರಮ್ಮು. ಸ್ಟಿಯರಿಂಗ್ ಹಿಡಿದವರು ಡ್ರಮ್ಮರ್ ಟ್ರೇ ಕೂಲನ ಅಪ್ಪ.

ಮಾಸ್ಟ್ರು: ಡ್ರೈವರ್ ಆದ ಅಪ್ಪನಿಗೆ ನನ್ನ ನಮಸ್ಕಾರ. ಪೆರ್ಲ, ನಿನ್ನ ಪಿಕಪ್ ಇದೆಯಲ್ಲ?

ಪೆರ್ಲ: ಸರ್, ಅದರಲ್ಲಿ ಅಡಿಕೆ ಹೋಗುತ್ತದೆ. ಬ್ಯಾಂಡ್ ಹೋಗುವುದಿಲ್ಲ.

ಮಾಸ್ಟ್ರು: ಇರಲಿ. ಈ ಪಾಪ್ ಪಂಕ್ ಎಂದರೇನು? ಕಲೋತ್ಸವದಲ್ಲಿ ಪಾಶ್ಚಾತ್ಯ ಗಿಟಾರ್ ಇದೆ, ವೃಂದವಾದ್ಯ ಇದೆ. ಇದನ್ನು ಕೇಳಿದ ನೆನಪಿಲ್ಲ.

ಮಂಜೇಶ್ವರ: ಸರ್, ಪಂಕ್ ಎಂದರೆ ಮೂರು ನಾಲ್ಕು ಸ್ವರಗುಚ್ಛ, ಓಡುವ ಲಯ, ಸಿಟ್ಟು. ಎರಡು ಮೂರು ನಿಮಿಷದಲ್ಲಿ ಹಾಡು ಮುಗಿಯುತ್ತದೆ. ಅದರ ಮೇಲೆ ಬಾಯಲ್ಲಿ ನಿಲ್ಲುವ ರಾಗವೊಂದನ್ನು ಕೂರಿಸಿದರೆ ಪಾಪ್ ಪಂಕ್. ಸಂಗೀತ ಪಾಠಕ್ಕೆ ಹೋಗದವನೂ ಒಂದು ತಿಂಗಳಲ್ಲಿ ನುಡಿಸಬಹುದು, ಅದಕ್ಕೇ ಶಾಲೆಯ ಹುಡುಗರು ಇದಕ್ಕೆ ಮುಗಿಬೀಳುವುದು. 1994ರ ಫೆಬ್ರವರಿಯಲ್ಲಿ ‘ಡೂಕಿ’ ಎಂಬ ಆಲ್ಬಮ್ ಬಂತು. ನಾವು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿದ್ದ ಅದೇ ಫೆಬ್ರವರಿ. 1999ರ ಹೊತ್ತಿಗೆ ಅಮೆರಿಕವೊಂದರಲ್ಲೇ 1 ಕೋಟಿ ಪ್ರತಿ ದಾಟಿತ್ತು.

ಮಾಸ್ಟ್ರು: ಡೂಕಿ ಎಂದರೆ?

ಮಂಜೇಶ್ವರ: ಸರ್, ಅರ್ಥ ಕೇಳಬೇಡಿ.

ಉಪ್ಪಳ: ನಾನು ನೋಡಿದೆ. ಸರ್, ದನದ ಕೊಟ್ಟಿಗೆಗೆ ಸಂಬಂಧಿಸಿದ್ದು. ಪೆರ್ಲನ ದನಕ್ಕೆ ಸಿಟ್ಟು ಬಂದದ್ದು ಸುಮ್ಮನೆ ಅಲ್ಲ.

ಮಂಜೇಶ್ವರ: ಅದೇ ವರ್ಷ ಆಗಸ್ಟಿನಲ್ಲಿ ವುಡ್‌ಸ್ಟಾಕ್ ಉತ್ಸವ. ಮಳೆ ಬಂದು ಮೈದಾನ ಕೆಸರುಗದ್ದೆಯಾಗಿತ್ತು. ಜನ ವೇದಿಕೆಗೆ ಕೆಸರು ಎಸೆದರು, ಬಿಲ್ಲಿ ತಿರುಗಿ ಎಸೆದ, ಜನ ಮೇಲೆ ಹತ್ತಿಬಂದರು. ಮೈಕನೂ ಕೆಸರಿನಲ್ಲಿ ಮಿಂದಿದ್ದನಲ್ಲ, ಕಾವಲಿನವನಿಗೆ ಗುರುತು ಸಿಗದೆ, ಯಾರೋ ಪ್ರೇಕ್ಷಕನೆಂದು ಹಿಡಿದು ಕೆಡವಿದ. ಹಲ್ಲು ಮುರಿಯಿತು.

ಪೆರ್ಲ: ಶಾಲೆ ಮುಗಿಸಿದವನದೇ ಹಲ್ಲು ಮುರಿದದ್ದು. ಇದನ್ನು ಮಗನಿಗೆ ತೋರಿಸುವುದಿಲ್ಲ.

ಇಲ್ಲಿಯವರೆಗೆ ಎಲ್ಲರೂ ನಗುತ್ತಿದ್ದರು. ಮೂರು ಗಂಟೆಯ ಹೊತ್ತಿಗೆ ಉಪ್ಪಳ ಶಾರ್ಜಾದಲ್ಲಿ ಕುಳಿತು ಇನ್ನೊಂದಷ್ಟು ಓದಿದ್ದ.

ಉಪ್ಪಳ: ಒಂದು ವಿಷಯ ಮಂಜೇಶ್ವರ ಹೇಳಲಿಲ್ಲ. ಬರ್ಕ್ಲಿಯಲ್ಲಿ ಗಿಲ್ಮನ್ ಬೀದಿಯ 924ನೇ ನಂಬರಿನಲ್ಲಿ ಒಂದು ಸಭಾಂಗಣ. ಸ್ವಯಂಸೇವಕರೇ ನಡೆಸುವುದು. ಇವರು ಹಾಡಿ ಬೆಳೆದದ್ದು ಅಲ್ಲಿ. ದೊಡ್ಡ ಕಂಪನಿಗೆ ಸಹಿ ಹಾಕಿದ ಬ್ಯಾಂಡಿಗೆ ಅಲ್ಲಿ ವೇದಿಕೆ ಇಲ್ಲ ಎಂಬುದು ಅಲ್ಲಿಯ ಆಗಿನ ನಿಯಮ. 1993ರಲ್ಲಿ ಇವರು ‘ರಿಪ್ರೈಸ್’ ಕಂಪನಿಗೆ ಸಹಿ ಹಾಕಿದರು, ಆ ಬಾಗಿಲು ಮುಚ್ಚಿತು. ಹಣ ಕಂಡಾಗ ಅಂಗಳ ಮರೆತವರನ್ನು ನಾವು ಏಕೆ ಹೊಗಳಬೇಕು?

ಮಾಸ್ಟ್ರು: ಇದು ನನಗೆ ಗೊತ್ತಿರುವ ಜಗಳ. ಯಕ್ಷಗಾನದ ಹರಕೆ ಆಟದ ಮೇಳದಲ್ಲಿದ್ದ ವೇಷಧಾರಿ ಡೇರೆ ಮೇಳಕ್ಕೆ ಹೋದಾಗ ನಮ್ಮ ಊರಿನವರು ಇದನ್ನೇ ಹೇಳಿದರು. ಬಯಲಿನಲ್ಲಿ ಪುಕ್ಕಟೆ ನೋಡುತ್ತಿದ್ದವನ ಆಟಕ್ಕೆ ಟಿಕೆಟ್ ಕೊಡಬೇಕಾಯಿತಲ್ಲ ಎಂಬ ಹೊಟ್ಟೆಯುರಿ ಅದರಲ್ಲಿ ಅರ್ಧ. ಉಳಿದರ್ಧ ನಿಜವಾದ ನೋವು.

ಕುಂಬಳೆ: ಸರ್, ನಾನು ಒಪ್ಪುವುದಿಲ್ಲ. ಹೋಗಬೇಕಾದವನು ಹೋಗಲೇಬೇಕು. ಎಲ್ಲರೂ ಅಂಗಳದಲ್ಲೇ ಕುಳಿತರೆ ಕೇಳುವವರು ಅದೇ ಐದು ಮಂದಿ. ಈ ಗಿಲ್ಮನ್‌ನವರು ಬಾಗಿಲು ಮುಚ್ಚಿದ್ದು ನಿಯಮ, ಸರಿ. ಆದರೆ ಇವರು ಒಬ್ಬರನ್ನೊಬ್ಬರು ಬಿಡಲಿಲ್ಲವಲ್ಲ. ಅದು ಮುಖ್ಯ.

ಮಂಜೇಶ್ವರ: 2015ರಲ್ಲಿ ಸಹಾಯಾರ್ಥ ಕಾರ್ಯಕ್ರಮಕ್ಕೆ ಅದೇ ಗಿಲ್ಮನ್‌ನಲ್ಲಿ ಮತ್ತೆ ಹಾಡಿದರು. ಮತ್ತೆ, ಏಳುಬೀಳು ಇರಲಿಲ್ಲವೆಂದೂ ಅಲ್ಲ. 2000ದ ಆಲ್ಬಮ್ ಅಷ್ಟೇನೂ ಓಡಲಿಲ್ಲ. 2003ರಲ್ಲಿ ಮುಗಿಯುತ್ತಾ ಬಂದಿದ್ದ ಒಂದು ಆಲ್ಬಮ್ಮಿನ ಮೂಲ ಟೇಪುಗಳೇ ಕಳವಾದವು. ಮತ್ತೆ ಮೊದಲಿನಿಂದ ಕುಳಿತು ಬರೆದದ್ದು 2004ರ ‘ಅಮೆರಿಕನ್ ಈಡಿಯಟ್’. ಇರಾಕ್ ಯುದ್ಧದ ದಿನಗಳು, ಟಿ.ವಿ. ಸುದ್ದಿಯ ಮೇಲಿನ ಸಿಟ್ಟು, ಎಲ್ಲ ಅದರಲ್ಲಿದೆ. ಅದಕ್ಕೆ ಗ್ರ್ಯಾಮಿ ಬಂತು, ಬ್ರಾಡ್‌ವೇಯಲ್ಲಿ ನಾಟಕವೂ ಆಯಿತು.

ಕುಂಬಳೆ: ನೋಡಿ. ಟೇಪು ಕಳೆದುಹೋದರೂ ಮೂವರೂ ಒಟ್ಟಿಗಿದ್ದರು. ನಾನು ಹೇಳಿದ್ದು ಅದನ್ನೇ.

ಮುಳ್ಳೇರಿಯ: ಮೂವರಲ್ಲಿ ಡ್ರಮ್ಮರ್ ಶಾಲೆಯ ಗೆಳೆಯನೇ?

ಆರು ತಿಂಗಳಲ್ಲಿ ಮುಳ್ಳೇರಿಯ ಬರೆದ ಮೊದಲ ಸಂದೇಶ ಇದು. ಅವನು ಬೆಂಗಳೂರಿನಲ್ಲಿದ್ದಾನೆ, ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಹಾಕುತ್ತಾನೆ, ಅಷ್ಟೇ.

ಮಂಜೇಶ್ವರ: ಅಲ್ಲ. ಟ್ರೇ ಕೂಲ್ ಆಮೇಲೆ ಬಂದವನು. ಮೊದಲ ಆಲ್ಬಮ್ಮಿನಲ್ಲಿ ಬಾರಿಸಿದವನು ಜಾನ್ ಕಿಫ್‌ಮೆಯರ್. 1990ರಲ್ಲಿ ಅವನು ಕಾಲೇಜಿಗೆ ಹೋದ.

ಮುಳ್ಳೇರಿಯ: ಕಾಲೇಜಿಗೆ ಹೋದವನ ಜಾಗದಲ್ಲಿ ಇನ್ನೊಬ್ಬನನ್ನು ಕೂರಿಸಿದರು. ಕುಂಬಳೆ, ‘ಒಬ್ಬರನ್ನೊಬ್ಬರು ಬಿಡಲಿಲ್ಲ’ ಎಂದೆಯಲ್ಲ, ಅದನ್ನು ಇನ್ನೊಮ್ಮೆ ಹೇಳು.

ಕುಂಬಳೆ: (ಈ ಸಂದೇಶವನ್ನು ಅಳಿಸಲಾಗಿದೆ)

ಬದಿಯಡ್ಕ: ಏನಿದು? ನನಗೆ ಅರ್ಥವಾಗುತ್ತಿಲ್ಲ.

ಮುಳ್ಳೇರಿಯ: ನಿನಗೆ ಅರ್ಥವಾಗುವುದಿಲ್ಲ, ನೀನು ತಂಡದಲ್ಲಿರಲಿಲ್ಲ. ಕುಂಬಳೆಯ ಹಾಡು, ಪೆರ್ಲನ ಬೆಂಜೋ, ಅಡ್ಮಿನ್ನನ ಹಾರ್ಮೋನಿಯಂ, ನನ್ನ ತಬಲಾ. ಎಸ್ಸೆಸ್ಸೆಲ್ಸಿ ವಾರ್ಷಿಕೋತ್ಸವದಲ್ಲಿ ಶುರುವಾದದ್ದು, ಆಮೇಲೂ ಎರಡು ವರ್ಷ ಮದುವೆ, ಗೃಹಪ್ರವೇಶ, ಗಣೇಶೋತ್ಸವ. 1996ರಲ್ಲಿ ನಾನು ಇಂಜಿನಿಯರಿಂಗಿಗೆ ಸುರತ್ಕಲ್ಲಿಗೆ ಹೋದೆ. ಗಣೇಶೋತ್ಸವಕ್ಕೆ ಬರುತ್ತೇನೆಂದು ಹೇಳಿಯೇ ಹೋಗಿದ್ದೆ. ಹಾಸ್ಟೆಲಿನಿಂದ ಹೊರಟು ಮೂರು ಬಸ್ಸು ಬದಲಿಸಿದೆ. ತಬಲಾವನ್ನು ಅಮ್ಮನ ಹಳೆಯ ಸೀರೆಯಲ್ಲಿ ಕಟ್ಟಿಕೊಂಡಿದ್ದೆ. ಕಾಸರಗೋಡಿನಿಂದ ಹತ್ತಿದ ಬಸ್ಸಿನಲ್ಲಿ ಕಂಡಕ್ಟರ್ ಅದಕ್ಕೂ ಅರ್ಧ ಟಿಕೆಟ್ ಹರಿದ. ಬಂದು ನೋಡಿದರೆ ವೇದಿಕೆಯ ಮೇಲೆ ಅಡೂರಿನ ಹುಡುಗನೊಬ್ಬ ಬಾರಿಸುತ್ತಿದ್ದಾನೆ. ಯಾರೂ ನನಗೆ ಒಂದು ಮಾತು ತಿಳಿಸಿರಲಿಲ್ಲ. ಪಂಚಕಜ್ಜಾಯ ತಿಂದು ಕೊನೆಯ ಬಸ್ಸಿಗೆ ತಿರುಗಿ ಹೋದೆ.

ಇಪ್ಪತ್ತು ನಿಮಿಷ ಯಾರೂ ಬರೆಯಲಿಲ್ಲ. ನಾನೂ ಬರೆಯಲಿಲ್ಲ. ಆ ದಿನ ಹಾರ್ಮೋನಿಯಂ ಮುಂದೆ ಕುಳಿತಿದ್ದ ನನಗೆ, ಸೀರೆಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕುಳಿತವನು ಕಾಣಿಸಿದ್ದ. ಶ್ರುತಿ ನೋಡುವವನ ಹಾಗೆ ತಲೆ ತಗ್ಗಿಸಿದ್ದೆ.

ಕುಂಬಳೆ: ನಾನು ಆಗ ಹಾಡುವವನು ಮಾತ್ರ. ತೀರ್ಮಾನ ನನ್ನದಲ್ಲ. ಇಷ್ಟು ವರ್ಷ ನೀನು ನನ್ನ ಮೇಲೆ ಸಿಟ್ಟಿನಲ್ಲಿದ್ದೀಯೆಂದು ಗೊತ್ತೇ ಇರಲಿಲ್ಲ.

ಮುಳ್ಳೇರಿಯ: ಹಾಗಾದರೆ ಯಾರದು?

ಮಾಸ್ಟ್ರು: ಮಕ್ಕಳೇ, ನಿಧಾನ.

ಪೆರ್ಲ: ನನ್ನದು.

ಪೆರ್ಲ: ಅಡೂರಿನವನ ಮಾವನಿಗೆ ಮೈಕ್ ಸೆಟ್ ಇತ್ತು. ಬಾಡಿಗೆಗೆ ತಂದರೆ ನಮಗೆ ಸಿಗುತ್ತಿದ್ದ ದುಡ್ಡಿನಲ್ಲಿ ಮುಕ್ಕಾಲು ಭಾಗ ಅದಕ್ಕೇ ಹೋಗುತ್ತಿತ್ತು. ಇವನನ್ನು ಸೇರಿಸಿಕೊಂಡರೆ ಸೆಟ್ ಪುಕ್ಕಟೆ, ಎರಡು ಹಾರ್ನೂ ಸೇರಿ. ನೀನು ಚೆನ್ನಾಗಿ ಬಾರಿಸುತ್ತಿದ್ದೆ. ಅವನು ಅಷ್ಟಕ್ಕಷ್ಟೆ. ಕೆಹರವಾ ಬಿಟ್ಟರೆ ಬೇರೆ ತಾಳ ಗೊತ್ತಿರಲಿಲ್ಲ. ನಿನಗೆ ಕಾಗದ ಬರೆಯಬೇಕೆಂದು ಇನ್‌ಲ್ಯಾಂಡ್ ತಂದೆ. ‘ಮೈಕ್ ಸೆಟ್ಟಿಗೋಸ್ಕರ’ ಎಂದು ಬರೆಯುವುದಕ್ಕೆ ಕೈ ಬರಲಿಲ್ಲ.

ಉಪ್ಪಳ: ಹಣ ಕಂಡಾಗ ಅಂಗಳ ಮರೆತವರು ಅಮೆರಿಕದಲ್ಲಿದ್ದಾರೆಂದುಕೊಂಡಿದ್ದೆ.

ಮಾಸ್ಟ್ರು: ಉಪ್ಪಳ, ನೀನು ಸ್ವಲ್ಪ ಸುಮ್ಮನಿರು.

ಮುಳ್ಳೇರಿಯ: ಮೈಕ್ ಸೆಟ್. ನನ್ನ ಕೈ ಕೆಟ್ಟಿತೆಂದೋ, ಇಂಜಿನಿಯರಿಂಗ್ ಸೇರಿ ತಲೆ ತಿರುಗಿದೆಯೆಂದು ನೀವು ಭಾವಿಸಿದಿರೆಂದೋ ನಾನು ಎಷ್ಟು ವರ್ಷ ಯೋಚಿಸಿದ್ದೇನೆ ಗೊತ್ತೇ? ಮೈಕ್ ಸೆಟ್!

ಮಂಜೇಶ್ವರ: ಆ ಕಿಫ್‌ಮೆಯರನ ಕಥೆ ಅಲ್ಲಿಗೇ ಮುಗಿಯುವುದಿಲ್ಲ ಮುಳ್ಳೇರಿಯ. ಬ್ಯಾಂಡ್ ಬಿಟ್ಟ ಮೇಲೆ ಬಂದ ಎರಡನೆಯ ಆಲ್ಬಮ್ಮಿನ ನಿರ್ಮಾಣದಲ್ಲೂ ಅವನ ಹೆಸರಿದೆ. 2015ರಲ್ಲಿ ಇವರನ್ನು ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್ ಎಂಬ ಗೌರವಪಟ್ಟಿಗೆ ಸೇರಿಸಿದರು. ಅದಕ್ಕೆ ಎರಡು ದಿನ ಮೊದಲು, ಏಪ್ರಿಲ್ 16ರಂದು, ಕ್ಲೀವ್‌ಲ್ಯಾಂಡಿನಲ್ಲಿ ಒಂದು ಕಾರ್ಯಕ್ರಮ. ಮೊದಲ ಭಾಗದಲ್ಲಿ ಇವರು ‘ಸ್ವೀಟ್ ಚಿಲ್ಡ್ರನ್’ ಎಂಬ ಹಳೆಯ ಹೆಸರಿನಲ್ಲೇ ವೇದಿಕೆ ಹತ್ತಿದರು. ಹಳೆಯ ಹಾಡುಗಳನ್ನು ಮಾತ್ರ ಹಾಡಿದರು. ಡ್ರಮ್ಮಿಗೆ ಕುಳಿತವನು ಕಿಫ್‌ಮೆಯರ್. 1990ರ ನಂತರ ಮೊದಲ ಬಾರಿ.

ಮುಳ್ಳೇರಿಯ: ಇಪ್ಪತ್ತೈದು ವರ್ಷ ಬೇಕಾಯಿತೇ?

ಮಂಜೇಶ್ವರ: ನಿಮಗೆ ಅದಕ್ಕಿಂತ ಹೆಚ್ಚಾಯಿತು.

ಪೆರ್ಲ: ಬೆಂಜೋ ಇನ್ನೂ ಅಟ್ಟದಲ್ಲಿದೆ. ತಂತಿ ತುಕ್ಕು ಹಿಡಿದಿದೆ. ಡಿಸೆಂಬರಿನಲ್ಲಿ ನೀನು ಊರಿಗೆ ಬರುತ್ತೀಯಲ್ಲ?

ಮುಳ್ಳೇರಿಯ: ನೋಡುತ್ತೇನೆ. ರಜೆ ಸಿಗಬೇಕು. ಮಗನ ವಿಷಯಕ್ಕೆ ಏನು ಮಾಡುತ್ತೀಯೆ?

ಪೆರ್ಲ: ನಾನು ಏನು ಮಾಡುವುದು? ಪ್ಲಸ್ ಟು ಮುಗಿಯಲಿ ಎಂದಿದ್ದೇನೆ. ಅವನಿಗೀಗ ಅದಕ್ಕಿಂತ ದೊಡ್ಡ ತಲೆಬಿಸಿ. ಅವರ ತಂಡದಲ್ಲಿ ಡ್ರಮ್ ಬಾರಿಸುವ ಹುಡುಗ ಪರೀಕ್ಷೆ ಮುಗಿದ ಮೇಲೆ ಎಂಟ್ರೆನ್ಸ್ ಕೋಚಿಂಗಿಗೆ ತೃಶೂರಿಗೆ ಹೋಗುತ್ತಾನಂತೆ.

ಮುಳ್ಳೇರಿಯ: ಅಡೂರಿನವನ ಮಾವನನ್ನು ಕೇಳಿ ನೋಡು. ಆ ಮೈಕ್ ಸೆಟ್ ಇನ್ನೂ ಇರಬಹುದು.