ಎಸ್ಸೆಸ್ಸೆಲ್ಸಿ ಮುಗಿಸಿದ ಮಗನನ್ನು ಕಲಾ ಶಿಬಿರಕ್ಕೆ ಕಳಿಸಲಾ? ಅನುಭವ ಇದ್ದವರು ಹೇಳಿ

ಹಾಸನದಮ್ಮ:
ಮಗ ಎಸ್ಸೆಸ್ಸೆಲ್ಸಿ ಬರೆದು ಮನೆಯಲ್ಲಿ ಕೂತಿದ್ದಾನೆ. ಮೈಸೂರಿನಲ್ಲಿ ಒಂದು ಖಾಸಗಿ ಸಂಸ್ಥೆಯವರು 21 ದಿನದ ಬೇಸಿಗೆ ಶಿಬಿರ ಮಾಡುತ್ತಿದ್ದಾರೆ, 15ರಿಂದ 18 ವರ್ಷದವರಿಗೆ. ಚಿತ್ರಕಲೆ, ನಾಟಕ, ಅನಿಮೇಷನ್ ಎಲ್ಲ ಸ್ವಲ್ಪ ಸ್ವಲ್ಪ ಕಲಿಸಿ, ಈ ದಾರಿಯಲ್ಲಿ ಹೋದರೆ ಏನೇನು ಕೆಲಸ ಸಿಗುತ್ತೆ ಅಂತ ತೋರಿಸುತ್ತಾರಂತೆ. ಊಟ, ವಸತಿ ಸೇರಿ 16,500. ನಮ್ಮ ಮನೆಯವರು ಬೇಡ ಅಂತಾರೆ, ಪಿಯುಸಿ ಸೈನ್ಸ್‌ಗೆ ಈಗಲೇ ಟ್ಯೂಷನ್ ಹಾಕೋಣ ಅಂತ. ಹುಡುಗ ಮಾತಾಡೋದು ಕಡಿಮೆ, ಯಾರ ಜೊತೆಗೂ ಬೇಗ ಸೇರಲ್ಲ. ಕಳಿಸಿದರೆ ಉಪಯೋಗ ಇದೆಯಾ? ಶನಿವಾರದೊಳಗೆ ದುಡ್ಡು ಕಟ್ಟಬೇಕು.

ತುಮಕೂರು ತಂದೆ:
ಕಳಿಸಬೇಡಿ. ನಾನು ಹೋದ ವರ್ಷ ಮಗಳನ್ನು ಇಂಥದ್ದೇ ಒಂದಕ್ಕೆ ಕಳಿಸಿದ್ದೆ, ಊರಿನ ಹೆಸರು ಬೇಡ. ಫೀಸು 14,000 ಅಂದರು. ಹೋದ ಮೇಲೆ ಕಿಟ್ ಅಂತ 2,350. ಅದರಲ್ಲಿ ಏನಿತ್ತು ಗೊತ್ತಾ? 12 ಬಾಟಲಿ ಪೋಸ್ಟರ್ ಕಲರ್, 20 ಹಾಳೆ ಕಾರ್ಟ್ರಿಜ್ ಪೇಪರ್ (ಚಿತ್ರ ಬಿಡಿಸೋ ದಪ್ಪ ಹಾಳೆ), 3 ಬ್ರಷ್. ದೊಡ್ಡ ಬ್ರಷ್ಷು ಎರಡನೇ ದಿನಕ್ಕೇ ಕೂದಲು ಉದುರಿಸಿತು, ಮಗಳು ಬಿಡಿಸಿದ ಆಕಾಶದ ತುಂಬ ಕೂದಲು ಅಂಟಿಕೊಂಡಿತ್ತು, ಆ ಹಾಳೆ ಈಗಲೂ ಮನೆಯಲ್ಲಿದೆ. ಟೀ ಶರ್ಟ್ 350, ಸಮಾರೋಪದ ದಿನದ ಕಾಸ್ಟ್ಯೂಮ್ ಬಾಡಿಗೆ 600, ಪ್ರಮಾಣಪತ್ರಕ್ಕೆ ಫ್ರೇಮ್ ಬೇಕಿದ್ದರೆ 250 (ನಾನು ಬೇಡ ಅಂದೆ, ಆದರೂ ಬಿಲ್ಲಿಗೆ ಸೇರಿಸಿದ್ದರು). ನಾವು ಎರಡು ಭಾನುವಾರ ನೋಡಿ ಬಂದ ಖರ್ಚು ಬೇರೆ. ಒಟ್ಟು 19,800 ದಾಟಿತು. ಎಲ್ಲಕ್ಕೂ ರಸೀದಿ ಇಟ್ಟಿದ್ದೇನೆ.
ಅದೂ ಹೋಗಲಿ. ಮೊದಲ 9 ದಿನ ಜೇಡಿಮಣ್ಣು ಮತ್ತು ಆಟ. ವೃತ್ತಿ ಮಾರ್ಗದರ್ಶನ ಅಂತ ದೊಡ್ಡದಾಗಿ ಹಾಕಿದ್ದರಲ್ಲ, ಅದು ಕೊನೇ ದಿನ ಮಧ್ಯಾಹ್ನ ಊಟ ಆದ ಮೇಲೆ ಒಂದು ಗಂಟೆ. ಯಾರೋ ಅನಿಮೇಷನ್ ಇನ್‌ಸ್ಟಿಟ್ಯೂಟಿನವರು ಬಂದು ತಮ್ಮದೇ ಕೋರ್ಸಿನ ಕರಪತ್ರ ಹಂಚಿ ಹೋದರು. ಮಕ್ಕಳು ಅರ್ಧ ನಿದ್ದೆಯಲ್ಲಿದ್ದರಂತೆ.

ಏಣಿ ಮೇಲಿನವ:
ಸರ್, ನಿಮ್ಮ ಬ್ರಷ್ಷಿನ ಕೂದಲು ಉದುರಿತು ಅಂತ ಎಲ್ಲ ಶಿಬಿರಾನೂ ಬೈಯಬೇಡಿ. ನಾನು ಇವತ್ತು ಅನ್ನ ತಿನ್ನೋದೇ ಒಂದು ಬೇಸಿಗೆ ಶಿಬಿರದಿಂದ.
ನನಗೆ ಆಗ 16. ನಮ್ಮೂರಿನ ನಾಟಕದ ತಂಡದವರು ಸುಮ್ನೆ ಪುಕ್ಕಟೆ ಮಾಡಿದ ಶಿಬಿರ ಅದು. ಊಟಕ್ಕೆ ಎಲ್ಲರ ಮನೆಯಿಂದ ಅಕ್ಕಿ. ನನಗೆ ಮಾತು ಬರ್ತಿರಲಿಲ್ಲ, ತೊದಲುತ್ತಿದ್ದೆ, ಪಾತ್ರ ಕೊಡಲಿಲ್ಲ. ಏಣಿ ಹಿಡಿದುಕೋ ಅಂದರು. ಮೂರನೇ ದಿನ ಏಣಿ ಹತ್ತಿಸಿದರು. ಲೈಟಿನ ಹ್ಯಾಲೊಜನ್ ಬಲ್ಬ್ ಬದಲಾಯಿಸುವಾಗ ಬರಿಗೈಯಲ್ಲಿ ಮುಟ್ಟಿದೆ. ಕೆಳಗಿದ್ದ ಅಣ್ಣ ಕೂಗಿದರು, ಬಟ್ಟೆಯಲ್ಲಿ ಹಿಡಿಯೋ ಅಂತ. ಬೆರಳಿನ ಎಣ್ಣೆ ಅಂಟಿದ ಜಾಗ ಜಾಸ್ತಿ ಬಿಸಿಯಾಗಿ ಬಲ್ಬ್ ಒಡೆಯುತ್ತೆ. ನಾನು ಕೇಳಲಿಲ್ಲ. ಎರಡನೇ ಅಂಕದಲ್ಲಿ ಪಟ್ ಅಂತ ಹೋಯ್ತು, ರಾಜನ ಮುಖ ಕತ್ತಲು. ಆವತ್ತು ತಿಂದ ಬೈಗುಳ ನಾನು ಕಲಿತ ಮೊದಲ ಪಾಠ.
ಆಮೇಲೆ ಹೆಗ್ಗೋಡಿಗೆ ಹೋಗಿ ಅಲ್ಲಿನ ನಾಟಕ ಶಾಲೆ ನೀನಾಸಂನಲ್ಲಿ ಒಂದು ವರ್ಷ ಕಲಿತೆ. ಈಗ ನಾಟಕಗಳಿಗೆ ಲೈಟಿಂಗ್ ಮಾಡ್ತೀನಿ, ಒಂದು ಶೋಗೆ 2,500ರಿಂದ 4,000. ಜೂನ್, ಜುಲೈನಲ್ಲಿ ಮಳೆ, ಕೆಲಸವೇ ಇರಲ್ಲ. 2020ರಲ್ಲಿ ಲಾಕ್‌ಡೌನ್ ಆದಾಗ ಬೈಕ್ ಮಾರಿದೆ, ಬೆಳಕು ಹೆಚ್ಚು ಕಡಿಮೆ ಮಾಡೋ ಡಿಮ್ಮರ್ ಮಾತ್ರ ಮಾರಲಿಲ್ಲ. ಸುಖವಾಗಿದ್ದೀನಿ ಅಂತ ಸುಳ್ಳು ಹೇಳಲ್ಲ. ಆದರೆ ಬೇರೆ ಕೆಲಸ ಬೇಡ.

ತುಮಕೂರು ತಂದೆ:
ನಿಮ್ಮದು ಪುಕ್ಕಟೆ ಶಿಬಿರ ಸ್ವಾಮಿ. ನಾನು ಹೇಳಿದ್ದು 19,800ದು.

ಬಿ.ಡೆಸ್ ಬ್ಯಾಕ್‌ಬೆಂಚ್:
ಆಂಟಿ, ಶಿಬಿರ ಬಿಡಿ, ಪ್ರವೇಶ ಪರೀಕ್ಷೆ ಕಡೆ ನೋಡಿ. ಬಿ.ಡೆಸ್ (ಡಿಸೈನ್ ಪದವಿ) ಸೇರೋಕೆ ನಾನು ಎರಡು ಸಲ ಎನ್‌ಐಡಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಪರೀಕ್ಷೆ ಬರೆದೆ. ಮೊದಲ ಸಲ ಪ್ರಿಲಿಮ್ಸ್‌ನಲ್ಲೇ ಔಟ್. ಕೋಚಿಂಗಿಗೆ 85,000, ಎರಡನೇ ಸಲ ಕೋಚಿಂಗ್ ಇಲ್ಲದೆ ಬರೆದು ಪ್ರಿಲಿಮ್ಸ್ ಪಾಸಾದೆ, ಮೇನ್ಸ್‌ನಲ್ಲಿ ಹೋಯ್ತು. ತಂತಿ ಕೊಟ್ಟು ಏನೋ ಮಾಡು ಅಂದರು, ಕೈ ನಡುಗಿತು. ಈಗ ಖಾಸಗಿ ಕಾಲೇಜು, ಫೀಸ್ ಕೇಳಬೇಡಿ, ಅಪ್ಪ ಸೈಟ್ ಮಾರಿದ್ದಾರೆ. ಮನೆಯಲ್ಲಿ ಆ ವಿಷಯ ಯಾರೂ ಎತ್ತಲ್ಲ.

ತುಮಕೂರು ತಂದೆ:
ಎನ್‌ಐಡಿ ಬೆಂಗಳೂರಲ್ಲೇ ಇದೆಯಲ್ಲಪ್ಪ, ಮನೆಯಿಂದ ಓಡಾಡಬಹುದಿತ್ತು.

ಬಿ.ಡೆಸ್ ಬ್ಯಾಕ್‌ಬೆಂಚ್:
ಅಂಕಲ್, ಬೆಂಗಳೂರಲ್ಲಿರೋದು ಎಂ.ಡೆಸ್‌ಗೆ (ಡಿಗ್ರಿ ಆದ ಮೇಲಿನ ಕೋರ್ಸ್). ಬಿ.ಡೆಸ್‌ಗೆ ಅಹಮದಾಬಾದ್, ಭೋಪಾಲ್, ಜೋರ್ಹಾಟ್ ಹೀಗೆ ದೂರ ಹೋಗಬೇಕು. ಎಲ್ಲರೂ ಇದನ್ನೇ ಹೇಳ್ತಾರೆ, ನಮ್ಮ ಚಿಕ್ಕಪ್ಪ ಮದುವೆ ಮನೆಯಲ್ಲಿ ಎಲ್ಲರೆದುರು ಹೇಳಿದರು.

ಕಾವಾ ಹಳಬಳು:
ಡಿಸೈನ್ ಡಿಸೈನ್ ಅಂತ ಕುಣಿಯೋರಿಗೆ ಒಂದು ಮಾತು. ನಾನು ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಬಿವಿಎ (ದೃಶ್ಯಕಲೆ ಪದವಿ) ಮಾಡಿದವಳು. ಸರ್ಕಾರಿ ಫೀಸು. ಪಿಯುಸಿ ಆರ್ಟ್ಸ್ ಓದಿ ಬಂದೆ, ಯಾರೂ ಸೈನ್ಸ್ ಕೇಳಲಿಲ್ಲ. (ಆರ್ಕಿಟೆಕ್ಚರ್ ಬೇಕಿದ್ದರೆ ಮಾತ್ರ ಗಣಿತ ಬಿಡಬೇಡಿ.) ಖರ್ಚು ಇದ್ದಿದ್ದು ಸಾಮಾನಿಗೆ. ಕ್ಯಾನ್ವಾಸ್ ಕೊಳ್ಳೋಕಾಗದೆ ಗಾಡಾ (ದಪ್ಪ ಹತ್ತಿ) ಬಟ್ಟೆ ತಂದು, ಫೆವಿಕಾಲ್ ಮತ್ತು ಬಿಳಿ ಡಿಸ್ಟೆಂಪರ್ ಬಳಿದು, ಹಾಸ್ಟೆಲ್ ತಾರಸಿಯಲ್ಲಿ ಒಣಗಿಸುತ್ತಿದ್ದೆವು. ಒಂದು ಸಲ ಮಳೆ ಬಂದು ಏಳು ಹಾಳಾದವು. ಈಗ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಗಣಿತದ ಮೇಷ್ಟ್ರು ನನ್ನ ಪೀರಿಯಡ್ ಕೇಳದೇ ತಗೋತಾರೆ.

ಕುಂದಾಪ್ರದವ:
ಎಂಥ ಶಿಬಿರ ಮಾರಾಯ್ರೆ. 21 ದಿನದಲ್ಲಿ ಕಲೆ ಬರುತ್ತಾ? ನಮ್ಮ ಅಣ್ಣ 14ಕ್ಕೆ ಯಕ್ಷಗಾನ ಮೇಳ ಸೇರಿದವ. ಮೊದಲ ತಿರುಗಾಟ (ಮೇಳದ ಒಂದು ಸೀಸನ್) ಪೂರ್ತಿ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ದೊಡ್ಡ ಕಲಾವಿದರ ಗೆಜ್ಜೆ ಕಟ್ಟಿದ್ದು, ಪೆಟ್ಟಿಗೆ ಹೊತ್ತದ್ದು. ಮುಂಡಾಸು ಕಟ್ಟೋಕೆ ಕಲಿಯಲಿಕ್ಕೇ ಎರಡು ವರ್ಷ. ಬೆಳಗಿನ ತನಕ ಆಟ, ಹಗಲು ನಿದ್ದೆ. ಮೊಣಕಾಲು ಹಾಳಾಗಿದೆ ಈಗ, ಆದರೆ ಅವನು ರಂಗಕ್ಕೆ ಬಂದರೆ ಜನ ಮೊಬೈಲ್ ಬಿಟ್ಟು ನೋಡ್ತಾರೆ.

ಪುತ್ತೂರು ಮೂಲೆ:
ಮುಂಡಾಸಿಗೆ ಎರಡು ವರ್ಷವಾ! ನಮ್ಮ ತೆಂಕಿನ (ಯಕ್ಷಗಾನದ ದಕ್ಷಿಣದ ಶೈಲಿ) ಬಣ್ಣದ ವೇಷ, ರಾಕ್ಷಸ ಪಾತ್ರದ್ದು, ನೋಡಿ ಒಮ್ಮೆ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಚುಟ್ಟಿ (ಬಿಳಿ ಚುಕ್ಕೆ) ಇಡಲಿಕ್ಕೆ ಮೂರು ಗಂಟೆ ಬೇಕು. ಅಲ್ಲಾಡಿದರೆ ಬಿರುಕು ಬಿಡ್ತದೆ. ನಿಮ್ಮ ಬಡಗಿನಲ್ಲಿ (ಉತ್ತರದ ಶೈಲಿ) ಅದೆಲ್ಲಿದೆ?

ಕುಂದಾಪ್ರದವ:
ಹಿಟ್ಟು ಮೆತ್ತಿಕೊಂಡರೆ ಆಯ್ತಾ? ಹೆಜ್ಜೆ ಬೇಡವಾ?

ಏಣಿ ಮೇಲಿನವ:
ಅಣ್ಣಂದಿರಾ, ಇಬ್ಬರ ಆಟಕ್ಕೂ ಈಗ ಎಲ್ಇಡಿ ಹಾಕಿ ಬಣ್ಣ ಕೊಲ್ತಿದ್ದಾರೆ, ಆ ಬಗ್ಗೆ ಮಾತಾಡಿ. ಮುಖದ ಕೆಂಪು ಕಾಣೋದೇ ಇಲ್ಲ.

ಪುತ್ತೂರು ಮೂಲೆ:
ಲೈಟಿನವರು ಯಕ್ಷಗಾನಕ್ಕೆ ಬರಬೇಡಿ. ಬಣ್ಣಕ್ಕೆ ದೊಂದಿ (ಪಂಜು) ಬೆಳಕೇ ಸರಿ.

ಏಣಿ ಮೇಲಿನವ:
ಹೌದಾ? ಮತ್ತೆ ಜನರೇಟರ್ ಕೆಟ್ಟ ರಾತ್ರಿ ಫೋನ್ ಮಾಡೋದು ಯಾರಿಗೆ?

ಹಾಸನದಮ್ಮ:
ಎಲ್ಲರಿಗೂ ಥ್ಯಾಂಕ್ಸ್. ನನ್ನ ಮಗನ ವಿಷಯ ಯಾರೂ ಹೇಳಲೇ ಇಲ್ಲವಲ್ಲ. ಅವನೇ ಕೂತು ಎಲ್ಲ ಓದಿದ. ಬಲ್ಬನ್ನು ಬಟ್ಟೆಯಲ್ಲಿ ಹಿಡಿಯಬೇಕು ಅಂತ ಮೂರು ಸಲ ನನಗೇ ಬಂದು ಹೇಳಿದ. ಇಷ್ಟು ಮಾತು ಅವನು ಒಂದೇ ದಿನ ಆಡಿದ್ದು ನಾನು ನೋಡಿಲ್ಲ. ಆ ಶಿಬಿರದವರಿಗೆ ಫೋನ್ ಮಾಡಿ ಲೈಟಿಂಗ್ ಕಲಿಸ್ತೀರಾ ಅಂತ ಕೇಳಿದೆ. ಇಲ್ಲ ಮೇಡಂ, ಅದು ಎಲೆಕ್ಟ್ರಿಷಿಯನ್ ಕೆಲಸ ಅಂದರು.

ಏಣಿ ಮೇಲಿನವ:
ಅಕ್ಕ, ದುಡ್ಡು ಕಟ್ಟಬೇಡಿ. ಮೇ ತಿಂಗಳಲ್ಲಿ ನಮ್ಮದು ಹಾಸನದ ಕಡೆ ಎರಡು ಶೋ ಇದೆ. ಮನೆಯವರ ಜೊತೆ ಕಳಿಸಿ, ಏಣಿ ಹಿಡಿಯಲಿ. ಚಪ್ಪಲಿ ಬೇಡ, ಶೂ ಹಾಕಿಸಿ.

ತುಮಕೂರು ತಂದೆ:
ಪುಕ್ಕಟೆನಾ, ಇಲ್ಲ ಅದಕ್ಕೂ ಕಿಟ್ ಇದೆಯಾ?